ಟೂಲಿನ ಸದ್ದು ಕಿವಿಗೇ ತಿಳಿಯುವಾಗ ಅಕೌಸ್ಟಿಕ್ ಎಮಿಶನ್ ಸೆನ್ಸರ್ ಏಕೆ?

ಪ್ರಶ್ನೆ: ಹಾಸನದ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ವರ್ಕ್‌ಶಾಪಿನಲ್ಲಿ ಕಾಫಿ ಪಲ್ಪರ್‌ಗಳ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರಗಳ) ಶಾಫ್ಟ್‌ಗಳನ್ನು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇತಿನಲ್ಲಿ ಟರ್ನಿಂಗ್ ಮಾಡಿ, ಬೇರಿಂಗ್ ಕೂರುವ ಭಾಗವನ್ನು ಗ್ರೈಂಡಿಂಗ್ ಮಾಡುತ್ತೇವೆ. ಟೂಲ್ ಮೊಂಡಾದರೆ ಹಳಬರಿಗೆ ಸದ್ದಿನಲ್ಲೇ ಗೊತ್ತಾಗುತ್ತದೆ. ಅಕೌಸ್ಟಿಕ್ ಎಮಿಶನ್ ಸೆನ್ಸರ್‌ಗೆ ಅದಕ್ಕಿಂತ ಹೆಚ್ಚೇನು ಕೇಳಿಸುತ್ತದೆ?

ಉತ್ತರ: ಆಪರೇಟರ್ ಕೇಳುವುದು ಯಂತ್ರದ ಅದುರುವಿಕೆಯನ್ನು, ಸೆನ್ಸರ್ ಕೇಳುವುದು ಲೋಹ ರೂಪಗೆಡುವ, ಉಜ್ಜುವ, ಬಿರಿಯುವ ಸದ್ದನ್ನು. ಲೋಹ ಕತ್ತರಿಸಿಹೋಗುವಾಗ, ಚಿಪ್ಸ್ ಮುರಿಯುವಾಗ, ಇನ್ಸರ್ಟಿನ (ಟೂಲಿನ ತುದಿಯಲ್ಲಿ ಕೂರಿಸುವ ಕತ್ತರಿಸುವ ತುಂಡಿನ) ಅಂಚು ಸೀಳುವಾಗ ಒಳಗೆ ಕೂಡಿದ್ದ ಶಕ್ತಿ ಥಟ್ಟನೆ ಬಿಡುಗಡೆಯಾಗಿ, ಘನವಸ್ತುವಿನ ಮೂಲಕವೇ ಅಲೆಗಳಾಗಿ ಹರಡುತ್ತದೆ. ಇದೇ ಅಕೌಸ್ಟಿಕ್ ಎಮಿಶನ್. ನಮ್ಮ ಕಿವಿಯ ಮಿತಿ ಸುಮಾರು 20 ಕಿಲೋಹರ್ಟ್ಜ್. ಪೀಜೋ ಸೆರಾಮಿಕ್ (ಒತ್ತಿದರೆ ವಿದ್ಯುತ್ ಸಂಕೇತ ಕೊಡುವ) ಬಿಲ್ಲೆಯಿರುವ ಈ ಸೆನ್ಸರ್‌ಗಳು ಸಾಮಾನ್ಯವಾಗಿ 100 ಕಿಲೋಹರ್ಟ್ಜ್‌ನಿಂದ 1 ಮೆಗಾಹರ್ಟ್ಜ್‌ವರೆಗಿನ ಅಲೆಗಳನ್ನು ಹಿಡಿಯುತ್ತವೆ. ಮೋಟಾರಿನ ಗುಂಯ್‌ಗುಟ್ಟುವಿಕೆ, ಪಕ್ಕದ ಪ್ರೆಸ್ಸಿನ ಧಡಧಡ ಇವೆಲ್ಲ ಬಹುಮಟ್ಟಿಗೆ ಅದಕ್ಕಿಂತ ಕೆಳಗೇ ಉಳಿಯುವುದರಿಂದ ಅವುಗಳನ್ನು ಸೋಸಿ ತೆಗೆಯುವುದು ಸುಲಭ.

ತೊಂದರೆ ಇರುವುದು ಅಲೆ ಸಾಗುವ ದಾರಿಯಲ್ಲಿ. ಇನ್ಸರ್ಟಿನಿಂದ ಹೋಲ್ಡರ್‌ಗೆ, ಅಲ್ಲಿಂದ ಟೂಲ್‌ಗಳನ್ನು ಹಿಡಿದಿರುವ ತಿರುಗುವ ಟರೆಟ್‌ಗೆ, ಹೀಗೆ ಪ್ರತಿ ಜೋಡಣೆಯಲ್ಲೂ ಅಲೆ ಕ್ಷೀಣಿಸುತ್ತದೆ. ಆದ್ದರಿಂದ ದುಬಾರಿ ಸೆನ್ಸರ್ ಕೊಳ್ಳುವುದಕ್ಕಿಂತ ಅದನ್ನು ಕತ್ತರಿಸುವ ಜಾಗಕ್ಕೆ ಹತ್ತಿರ, ಬಣ್ಣ ಕೆರೆದ ನುಣುಪು ಮೇಲ್ಮೈಯಲ್ಲಿ, ನಡುವೆ ತೆಳುವಾಗಿ ಗ್ರೀಸ್ ಸವರಿ ಬಿಗಿಯುವುದು ಮುಖ್ಯ. ಪರೀಕ್ಷೆಗೆ 0.5 ಮಿಲಿಮೀಟರ್ ಕಡ್ಡಿಯ ಮೆಕ್ಯಾನಿಕಲ್ ಪೆನ್ಸಿಲ್ ಸಾಕು: ಯಂತ್ರ ನಿಂತಿರುವಾಗ ಟೂಲಿನ ತುದಿಗೆ ಕಡ್ಡಿಯನ್ನು ಒತ್ತಿ ಮುರಿದರೆ ಪರದೆಯ ಮೇಲೆ ಒಂದು ಚೂಪಾದ ಏರಿಕೆ ಕಾಣಬೇಕು. ಹಾಸ್ಯದಂತೆ ತೋರಿದರೂ ಇದು ಪ್ರಯೋಗಾಲಯಗಳೂ ಒಪ್ಪಿರುವ ವಿಧಾನ.

ಲೇತಿನಲ್ಲಿ ಟೂಲ್ ಮುರಿದ ಕ್ಷಣ ಇದರಲ್ಲಿ ಚೆನ್ನಾಗಿ ಗೋಚರಿಸುತ್ತದೆ. ನಿಧಾನವಾಗಿ ಸವೆಯುವುದು ಅಷ್ಟು ಸ್ಪಷ್ಟವಲ್ಲ, ಏಕೆಂದರೆ ವೇಗ, ಫೀಡ್ (ಟೂಲ್ ಮುಂದೆ ಸಾಗುವ ದರ), ಲೋಹ ಬದಲಾದಂತೆ ಸಂಕೇತವೂ ಬದಲಾಗುತ್ತದೆ, ಸುತ್ತಿಕೊಂಡ ಚಿಪ್ಸ್ ಮತ್ತು ರಭಸದ ಕೂಲಂಟ್ ಕೂಡ ಸದ್ದು ಮಾಡುತ್ತವೆ. ದಿನಕ್ಕೊಂದು ಬಗೆಯ ಜಾಬ್ ಮಾಡುವವರು ಪ್ರತಿಯೊಂದಕ್ಕೂ ಎಚ್ಚರಿಕೆಯ ಮಿತಿಯನ್ನು ಹೊಸದಾಗಿ ಹೊಂದಿಸಬೇಕಾದೀತು. ದೊಡ್ಡ ಟೂಲ್‌ಗಳ ಮಟ್ಟಿಗೆ ಕಂಟ್ರೋಲರ್ ತೋರಿಸುವ ಸ್ಪಿಂಡಲ್ ಲೋಡನ್ನು (ತಿರುಗಿಸುವ ಮೋಟಾರಿನ ಮೇಲಿನ ಹೊರೆಯನ್ನು) ಗಮನಿಸುವುದೇ ಅಗ್ಗದ ದಾರಿ. ಲೋಡ್ ಅಲುಗಾಡದಷ್ಟು ಸಣ್ಣ ಡ್ರಿಲ್‌ಗಳಿಗೆ ಮಾತ್ರ ಈ ಸೆನ್ಸರ್ ಬೇಕೆನಿಸುತ್ತದೆ.

ನನ್ನ ಸಲಹೆಯಲ್ಲಿ ನೀವು ಮೊದಲು ಯೋಚಿಸಬೇಕಾದುದು ಗ್ರೈಂಡಿಂಗ್ ಯಂತ್ರದ ಬಗ್ಗೆ. ಗ್ರೈಂಡಿಂಗ್ ವೀಲ್ ಶಾಫ್ಟನ್ನು ಮುಟ್ಟುವವರೆಗೆ ಬರೀ ಗಾಳಿಯಲ್ಲಿ ನಿಧಾನವಾಗಿ ಸಾಗುವುದು ವ್ಯರ್ಥ ಸಮಯ. ಸೆನ್ಸರ್ ಇದ್ದರೆ ವೇಗವಾಗಿ ಹತ್ತಿರ ತಂದು, ತಾಗಿದ ಕೆಲವೇ ಮಿಲಿಸೆಕೆಂಡುಗಳಲ್ಲಿ ಗ್ರೈಂಡಿಂಗ್ ಫೀಡಿಗೆ ಇಳಿಸಬಹುದು. ಡ್ರೆಸ್ಸಿಂಗ್ (ವೀಲಿನ ಮೇಲ್ಮೈಯನ್ನು ವಜ್ರದಿಂದ ಕೆರೆದು ಸರಿಪಡಿಸುವ ಕೆಲಸ) ವೇಳೆ ವಜ್ರದ ತುದಿ ವೀಲಿನ ಸುತ್ತಲೂ ತಾಗುತ್ತಿದೆಯೇ ಎಂಬುದೂ ತಿಳಿಯುತ್ತದೆ: ತಾಗದ ಕಡೆ ಸಂಕೇತ ಕುಸಿಯುತ್ತದೆ, ಸುತ್ತಲೂ ಸಮವಾದಾಗ ಡ್ರೆಸ್ಸಿಂಗ್ ನಿಲ್ಲಿಸಿ ವೀಲನ್ನು ಉಳಿಸಬಹುದು. ಶಾಫ್ಟಿನ ತುದಿಗೆ ಆಧಾರ ಕೊಡುವ ಟೇಲ್‌ಸ್ಟಾಕಿನ ಮೇಲೊಂದು, ವಜ್ರವನ್ನು ಹಿಡಿದಿರುವ ಡ್ರೆಸ್ಸರ್ ಹೋಲ್ಡರಿನ ಮೇಲೊಂದು ಸೆನ್ಸರ್ ಕೂರಿಸಿದರೆ ಈ ಎರಡೂ ಕೆಲಸಗಳಿಗೆ ಸಾಕಾಗುತ್ತದೆ.