ಹೆಂಚಿನ ಮಾಡಿನ ಅಡಿಗೆ ಸ್ಪ್ರೇ ಫೋಮ್ ಹೊಡೆಸಬಹುದೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಹಳೆಯ ಹೆಂಚಿನ ಮನೆ. ಹಿಂಭಾಗದಲ್ಲಿ ಈಚೆಗೆ ಕಟ್ಟಿಸಿದ ಎರಡು ಆರ್‌ಸಿಸಿ ಕೋಣೆಗಳೂ ಇವೆ. ಮಾರ್ಚ್‌ನಿಂದ ಮೇ ಕೊನೆಯವರೆಗೆ ಮಧ್ಯಾಹ್ನ ಒಳಗೆ ಕೂರಲಾಗುವುದಿಲ್ಲ. ರಿಯಾದ್‌ನಲ್ಲಿ ಕೆಲಸದಲ್ಲಿರುವ ನನ್ನ ತಮ್ಮ, ಅಲ್ಲಿಯ ಮನೆಗಳ ಛಾವಣಿಗೆ ಸ್ಪ್ರೇ ಫೋಮ್ ಹೊಡೆಯುತ್ತಾರೆಂದೂ ಎಂಥ ಬಿಸಿಲಿನಲ್ಲೂ ಒಳಗೆ ತಂಪಾಗಿರುತ್ತದೆಂದೂ ಹೇಳಿ, ನಮ್ಮ ಹೆಂಚಿನ ಅಡಿಗೂ ಹೊಡೆಸಿಬಿಡಿ ಎನ್ನುತ್ತಾನೆ. ಹೊಡೆಸಬಹುದೇ?

ಉತ್ತರ: ಹೆಂಚಿನ ಅಡಿಗೆ ಖಂಡಿತ ಬೇಡ. ಆರ್‌ಸಿಸಿ ಕೋಣೆಗಳ ಲೆಕ್ಕ ಬೇರೆ. ಅಲ್ಲಿ ಫೋಮ್‌ಗೆ ಜಾಗವಿದೆ, ಆದರೆ ಸರದಿಯಲ್ಲಿ ಅದು ಮೊದಲನೆಯದಲ್ಲ. ಬೇಸಿಗೆ ಬಂತೆಂದರೆ ಸಾಗರ, ಹೊಸನಗರದ ಕಡೆಯವರೂ ಇದನ್ನೇ ಕೇಳುವುದರಿಂದ ಕಾರಣಗಳನ್ನು ತುಸು ವಿಸ್ತಾರವಾಗಿಯೇ ಹೇಳುತ್ತೇನೆ.

ಸ್ಪ್ರೇ ಫೋಮ್ ಎಂಬುದು ಪಾಲಿಯುರಿಥೇನ್. ಅದು ಎರಡು ಡ್ರಮ್ಮುಗಳಲ್ಲಿ ಎರಡು ದ್ರವಗಳಾಗಿ ಬರುತ್ತದೆ: ಒಂದರಲ್ಲಿ ಐಸೊಸೈನೇಟ್, ಇನ್ನೊಂದರಲ್ಲಿ ಪಾಲಿಯೋಲ್ ಮತ್ತು ಅದರೊಂದಿಗೆ ಬೆರೆಸಿದ ಊದಿಸುವ ರಾಸಾಯನಿಕ, ಬೆಂಕಿಯನ್ನು ನಿಧಾನಗೊಳಿಸುವ ರಾಸಾಯನಿಕ ಮುಂತಾದವು. ಎರಡನ್ನೂ ಬಿಸಿ ಮಾಡಿ, ಬೇರೆ ಬೇರೆ ಪೈಪುಗಳಲ್ಲಿ ಗನ್ನಿನವರೆಗೆ ತಂದು, ಅಲ್ಲಿ ಸಮಪ್ರಮಾಣದಲ್ಲಿ ಕೂಡಿಸಿ ಚಿಮ್ಮಿಸುತ್ತಾರೆ. ಮೊದಲು ಬರೀ ಒದ್ದೆಯಾದಂತೆ ಕಾಣುವ ಜಾಗ ನೋಡನೋಡುತ್ತಿದ್ದಂತೆ ಉಬ್ಬಿ, ಕೆಲವೇ ಸೆಕೆಂಡುಗಳಲ್ಲಿ ತಿಳಿಹಳದಿ ಪದರವಾಗಿ ನಿಲ್ಲುತ್ತದೆ. ಸಂದಿಗೊಂದಿಗಳಲ್ಲೆಲ್ಲ ತುಂಬಿಕೊಂಡು, ಮುಟ್ಟಿದ್ದಕ್ಕೆಲ್ಲ ಬಿಡಿಸಲಾಗದಂತೆ ಅಂಟಿಕೊಳ್ಳುತ್ತದೆ. ಇದರಲ್ಲಿ ಎರಡು ಬಗೆಗಳಿವೆ. ಓಪನ್ ಸೆಲ್, ಅಂದರೆ ಒಳಗಿನ ಗುಳ್ಳೆಗಳು ತೆರೆದಿರುವ ಫೋಮ್, ಘನ ಮೀಟರಿಗೆ ಸುಮಾರು 8 ಕಿಲೋ ತೂಗುವ, ಸ್ಪಂಜಿನಂತೆ ಮೆತ್ತಗಿರುವ, ನೀರು ಮತ್ತು ಆವಿ ಎರಡನ್ನೂ ಒಳಗೆ ಬಿಟ್ಟುಕೊಳ್ಳುವ ವಸ್ತು. ಗುಳ್ಳೆಗಳು ಮುಚ್ಚಿಕೊಂಡಿರುವ ಕ್ಲೋಸ್ಡ್ ಸೆಲ್ ಫೋಮ್ ಸುಮಾರು 32 ಕಿಲೋ ತೂಗುತ್ತದೆ, ಗಟ್ಟಿಯಾಗಿರುತ್ತದೆ, ಎರಡು ಅಂಗುಲ ದಪ್ಪಕ್ಕೆ ಬರುವಷ್ಟರಲ್ಲಿ ಆವಿಯನ್ನೂ ಹೆಚ್ಚುಕಡಿಮೆ ತಡೆದುಬಿಡುತ್ತದೆ. ಅಷ್ಟೇ ದಪ್ಪದಲ್ಲಿ ಕಾವು ತಡೆಯುವ ಶಕ್ತಿಯೂ ಇದಕ್ಕೆ ಒಂದೂವರೆ ಪಟ್ಟಿಗಿಂತ ಹೆಚ್ಚು.

ಮರುಭೂಮಿಯಲ್ಲಿ ಇದು ಏಕೆ ಇಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದನ್ನು ನೋಡಿದರೆ, ಇಲ್ಲಿ ಏಕೆ ತೊಡಕು ಎಂಬುದೂ ತಿಳಿಯುತ್ತದೆ. ರಿಯಾದ್‌ನಲ್ಲಿ ಜುಲೈ ತಿಂಗಳ ಹಗಲಿನ ಉಷ್ಣಾಂಶ 43–44 ಡಿಗ್ರಿ. ವರ್ಷದ ಮಳೆ ಸುಮಾರು 100 ಮಿ.ಮೀ. ಕಿಟಕಿ ಬಾಗಿಲು ಮುಚ್ಚಿ, ತಿಂಗಳುಗಟ್ಟಲೆ ಹಗಲಿರುಳು ಎ.ಸಿ. ನಡೆಸುವ ಮನೆಗಳು ಅವು. ಹೊರಗಿನ ಕಾವು ಒಳಗೆ ನುಗ್ಗದಂತೆಯೂ ಒಳಗಿನ ತಂಪು ಗಾಳಿ ಸೋರಿಹೋಗದಂತೆಯೂ ಒಂದೇ ಪದರ ತಡೆಯುವುದಾದರೆ ವಿದ್ಯುತ್ ಬಿಲ್ಲಿನಲ್ಲಿ ಅದರ ಫಲ ನೇರವಾಗಿ ಕಾಣುತ್ತದೆ. ಅಮೆರಿಕದ ಅರಿಜೋನಾದ ಮನೆಗಳಲ್ಲಿ ಇನ್ನೊಂದು ಕಾರಣವೂ ಉಂಟು: ಅಲ್ಲಿ ಎ.ಸಿ.ಯ ಗಾಳಿ ಸಾಗಿಸುವ ಕೊಳವೆಗಳು ಅಟ್ಟದಲ್ಲೇ ಹಾದುಹೋಗುತ್ತವೆ, ಬೇಸಿಗೆಯಲ್ಲಿ ಆ ಅಟ್ಟ 60 ಡಿಗ್ರಿಯವರೆಗೂ ಕಾಯುತ್ತದೆ. ಆದ್ದರಿಂದ ಛಾವಣಿಯ ಹಲಗೆಯ ಒಳಮೈಗೇ ಫೋಮ್ ಹೊಡೆದು ಅಟ್ಟವನ್ನೂ ಮನೆಯ ತಂಪಿನೊಳಗೆ ಸೇರಿಸಿಕೊಳ್ಳುತ್ತಾರೆ. ಕೊಲ್ಲಿ ದೇಶಗಳ ಮನೆಗಳದ್ದು ಹೆಚ್ಚಾಗಿ ಸಮತಟ್ಟಾದ ಕಾಂಕ್ರೀಟ್ ತಾರಸಿ. ಅಲ್ಲಿ ಫೋಮ್ ಬೀಳುವುದು ತಾರಸಿಯ ಮೇಲೆ. ಅದರ ಮೇಲೆ ಬಿಸಿಲು ತಡೆಯುವ ಲೇಪನವನ್ನೋ ಟೈಲ್ಸನ್ನೋ ಹಾಕುತ್ತಾರೆ. ನಿಮ್ಮ ತಮ್ಮ ನೋಡಿದ್ದು ಬಹುಶಃ ಇದನ್ನೇ. ಹೆಂಚಿನ ಅಡಿಗೆ ಹೊಡೆಯುವುದನ್ನು ಅವರು ಅಲ್ಲಿ ನೋಡಿರುವ ಸಂಭವ ಕಡಿಮೆ.

ಈಗ ಮಂಗಳೂರು ಹೆಂಚಿನ ಮಾಡಿಗೆ ಬನ್ನಿ. ನಿಮ್ಮದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ರಿಯಾದ್‌ನ ಇಡೀ ವರ್ಷದ ಮಳೆ ಅಲ್ಲಿ ಜುಲೈ ತಿಂಗಳ ಒಂದು ಹಗಲಿನಲ್ಲಿ ಬಿದ್ದುಹೋಗುವುದುಂಟು. ಜಡಿಮಳೆಯ ದಿನ ಏಣಿ ಹತ್ತಿ ಹೆಂಚಿನ ಒಳಮೈಗೆ ಕೈ ಇಟ್ಟು ನೋಡಿ. ಎಲ್ಲಿಯೂ ಹನಿ ಬೀಳುತ್ತಿರುವುದಿಲ್ಲ, ಆದರೂ ಬೆರಳು ಒದ್ದೆಯಾಗುತ್ತದೆ. ಹೆಂಚುಗಳು ಒಂದರ ಮೇಲೊಂದು ಕೂರುವ ಅಂಚಿನಲ್ಲಿ ಕಪ್ಪು ಕಲೆ ಇಳಿದಿರುತ್ತದೆ, ಅದರ ಕೆಳಗಿನ ರೀಪಿನ (ಹೆಂಚು ಕೂರುವ ಮರದ ಪಟ್ಟಿಯ) ಮೇಲ್ಮೈ ತೇವ ಹೀರಿ ಬಣ್ಣಗೆಟ್ಟಿರುತ್ತದೆ. ಸುಟ್ಟ ಮಣ್ಣಿನ ಹೆಂಚು ಸ್ವಲ್ಪ ನೀರನ್ನು ಹೀರಿಯೇ ಹೀರುತ್ತದೆ, ಗಾಳಿಮಳೆಗೆ ಎರಚಲೂ ಸಂದಿಯಿಂದ ನುಸುಳುತ್ತದೆ. ಹೀಗಿದ್ದೂ ನೂರು ವರ್ಷದ ಪಕಾಸಿಗಳು (ರೀಪುಗಳನ್ನು ಹೊರುವ ಇಳಿಜಾರು ಮರಗಳು) ಗಟ್ಟಿಯಾಗಿ ಉಳಿದಿದ್ದರೆ, ಒಳಗೆ ಬಂದ ತೇವ ಸಂದಿಗಳಲ್ಲಿ ಆಡುವ ಗಾಳಿಗೆ, ಒಲೆಯ ಕಾವಿಗೆ, ಹೊಳವಾದ ದಿನದ ಬಿಸಿಲಿಗೆ ಮತ್ತೆ ಹೊರಟುಹೋಗುತ್ತದೆ ಎಂಬುದೇ ಕಾರಣ. ಅಂದರೆ ಹೆಂಚಿನ ಮಾಡು ಒದ್ದೆಯಾಗದಿರುವುದರಿಂದ ಬಾಳುತ್ತಿಲ್ಲ, ಒಣಗುವುದರಿಂದ ಬಾಳುತ್ತಿದೆ.

ಕ್ಲೋಸ್ಡ್ ಸೆಲ್ ಫೋಮ್ ಈ ಒಣಗುವ ದಾರಿಯನ್ನೇ ಮುಚ್ಚುತ್ತದೆ. ಹೆಂಚು, ರೀಪು, ಪಕಾಸಿ ಮೂರನ್ನೂ ಕೂಡಿಸಿ ಅಂಟಿಸಿಬಿಡುವುದರಿಂದ ಸಂದಿಯಲ್ಲಿ ಇಳಿದ ನೀರು ಮರ ಮತ್ತು ಫೋಮಿನ ನಡುವೆ ಸಿಕ್ಕಿಕೊಂಡು ನಾಲ್ಕು ತಿಂಗಳು ಅಲ್ಲೇ ನಿಲ್ಲುತ್ತದೆ. ಕೆಳಗಿನಿಂದ ನೋಡುವವರಿಗೆ ಹಳದಿ ಪದರವಲ್ಲದೆ ಮತ್ತೇನೂ ಕಾಣದು; ಮರ ಲಡ್ಡಾಗಿರುವುದು ತಿಳಿಯುವುದು ಮಾಡು ಕುಸಿಯತೊಡಗಿದ ಮೇಲೆ. ಓಪನ್ ಸೆಲ್ ಆದರೆ ಇನ್ನೂ ಕಷ್ಟ: ಅದು ನೀರನ್ನು ತನ್ನೊಳಗೇ ತುಂಬಿಕೊಳ್ಳುತ್ತದೆ. ಒರಲೆಗೆ ಫೋಮ್ ಆಹಾರವಲ್ಲ ನಿಜ, ಆದರೆ ಅದರೊಳಗೆ ಸುರಂಗ ಕೊರೆದು ಯಾರ ಕಣ್ಣಿಗೂ ಬೀಳದೆ ಮರ ಮುಟ್ಟಲು ಅದಕ್ಕೆ ಇದಕ್ಕಿಂತ ಒಳ್ಳೆಯ ಮರೆ ಬೇಕಿಲ್ಲ. ಇಲಿಗಳೂ ಕೊರೆದು ಗೂಡು ಮಾಡುತ್ತವೆ. ಇನ್ನು ಮಂಗಗಳು ಹೆಂಚು ಒಡೆಯುವ ವಿಷಯ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಒಡೆದ ಹೆಂಚನ್ನು ಸರಿಸಿ ಬೇರೆ ಹೆಂಚು ಕೂರಿಸುವುದು ಇವತ್ತು ಐದು ನಿಮಿಷದ ಕೆಲಸ. ಫೋಮ್ ಹಿಡಿದ ಮೇಲೆ ಅದೇ ಹೆಂಚನ್ನು ಉಳಿಯಿಂದ ಕಿತ್ತು ತೆಗೆಯಬೇಕು, ಪಕ್ಕದ ನಾಲ್ಕು ಹೆಂಚು ಜೊತೆಗೆ ಒಡೆಯುತ್ತವೆ. ಹೆಂಚು ಇಳಿಸಿ ಕೈಯಾಡಿಸುವ ವಾರ್ಷಿಕ ಕೆಲಸವೇ ನಿಂತುಹೋದರೆ ಆ ಮಾಡಿಗೆ ಹೆಚ್ಚು ಆಯುಸ್ಸಿಲ್ಲ.

ಹಾಗಾದರೆ ಸೆಕೆಗೆ ಏನು ಮಾಡಬೇಕು? ಹಳೆಯ ಮನೆಗಳಲ್ಲಿ ಇದಕ್ಕೆ ಮುಚ್ಚಿಗೆ ಇತ್ತು: ಹಲಗೆ ಹಾಸಿ ಅದರ ಮೇಲೆ ಮಣ್ಣು ಮೆತ್ತಿದ ಒಳಮಾಳಿಗೆ. ಕಾದ ಹೆಂಚಿನ ಝಳ ಅಟ್ಟದಲ್ಲೇ ಉಳಿದು ಸಂದಿಗಳಿಂದ ಹೊರಗೆ ಹೋಗುತ್ತದೆ, ಮಣ್ಣಿನ ಪದರ ಅದನ್ನು ಕೆಳಗೆ ಬಿಡುವುದಿಲ್ಲ. ನಿಮ್ಮ ಮನೆಯಲ್ಲಿ ಮುಚ್ಚಿಗೆ ಉಳಿದಿದ್ದರೆ ಅದನ್ನು ದುರಸ್ತಿ ಮಾಡಿಸಿ. ಇಲ್ಲದಿದ್ದರೆ ಹೆಂಚಿನಿಂದ ಧಾರಾಳ ಅಂತರ ಬಿಟ್ಟು ಮರದ್ದೋ ಸಿಮೆಂಟ್ ಬೋರ್ಡಿನದ್ದೋ ಒಳಛಾವಣಿ ಮಾಡಿಸಿ, ಉಷ್ಣ ತಡೆಯುವ ಹಾಸನ್ನು ಅದರ ಮೇಲೆ ಇಡಿಸಿ. ತಡೆ ಇರಬೇಕಾದದ್ದು ಒಳಛಾವಣಿಯ ಮೇಲೆ, ಹೆಂಚಿನ ಒಳಮೈಗಲ್ಲ. ಅಟ್ಟದ ಎರಡೂ ತುದಿಯ ತ್ರಿಕೋನ ಗೋಡೆಯಲ್ಲಿ ಗಾಳಿಗಿಂಡಿ ಇರಲಿ, ಇಲಿ ಬಾವಲಿ ನುಗ್ಗದಂತೆ ಬಲೆ ಹೊಡೆದಿರಲಿ. ಮೇಲೆ ಹತ್ತಿ ಒಡೆದ ಹೆಂಚನ್ನು ನೋಡಲು ಒಂದು ಕಿಂಡಿ ಬಾಗಿಲನ್ನು ಮರೆಯಬೇಡಿ.

ಆರ್‌ಸಿಸಿ ಕೋಣೆಗಳ ತೊಂದರೆಯ ಸ್ವರೂಪವೇ ಬೇರೆ. ಹಗಲಿಡೀ ಕಾದ ಸ್ಲ್ಯಾಬು ಸಂಜೆಯ ನಂತರ ತನ್ನ ಕಾವನ್ನು ಕೆಳಗೆ ಬಿಡತೊಡಗುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಏಪ್ರಿಲ್ ಹಗಲು 36–38 ಡಿಗ್ರಿ ಇದ್ದು ರಾತ್ರಿ ಹೊರಗೆ ತಂಪಾದರೂ ತಾರಸಿ ಮನೆಯ ಮೇಲ್ಮಹಡಿಯಲ್ಲಿ ನಿದ್ದೆ ಬಾರದಿರುವುದು ಇದರಿಂದಲೇ. ಎಷ್ಟು ಫೋಮ್ ಸಾಕು ಎಂಬುದಕ್ಕೆ ಒಂದು ಲೆಕ್ಕವಿದೆ. ಒಳಗಿಗೂ ಹೊರಗಿಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಛಾವಣಿಯ ಒಂದು ಚದರ ಮೀಟರಿನ ಮೂಲಕ ಎಷ್ಟು ವ್ಯಾಟ್ ಕಾವು ದಾಟುತ್ತದೆ ಎಂಬುದನ್ನು ಯು-ಮೌಲ್ಯ ಎನ್ನುತ್ತಾರೆ. ಆರು ಅಂಗುಲದ ಬರಿಯ ಸ್ಲ್ಯಾಬಿಗೆ ಅದು ಸುಮಾರು 3.3. ಒಂದು ಅಂಗುಲ ಕ್ಲೋಸ್ಡ್ ಸೆಲ್ ಫೋಮ್ ಸೇರಿಸಿದರೆ 0.8ರ ಆಸುಪಾಸಿಗೆ ಇಳಿಯುತ್ತದೆ. ಎರಡು ಅಂಗುಲಕ್ಕೆ 0.4, ಮೂರಕ್ಕೆ 0.3. ದುಬೈನ ಹಸಿರು ಕಟ್ಟಡ ನಿಯಮ ಛಾವಣಿಗೆ ಕೇಳುವುದು ಈ 0.3ನ್ನು, ನಮ್ಮ ಕೇಂದ್ರ ಇಂಧನ ಸಚಿವಾಲಯ ಮನೆಗಳ ಇಂಧನ ಉಳಿತಾಯಕ್ಕಾಗಿ 2018ರಲ್ಲಿ ಹೊರತಂದ ಇಕೋ ನಿವಾಸ್ ಸಂಹಿತೆ ಕೇಳುವುದು 1.2ನ್ನು ಮೀರದಿರಲಿ ಎಂದಷ್ಟೇ. ಮೊದಲ ಅಂಗುಲವೇ ಮುಕ್ಕಾಲು ಪಾಲು ಕಾವನ್ನು ತಡೆಯುತ್ತದೆ, ಮೂರನೆಯದರಿಂದ ಸಿಗುವ ಲಾಭ ತೀರ ಅಲ್ಪ. ಎ.ಸಿ. ಇಲ್ಲದೆ ಕಿಟಕಿ ತೆರೆದು ಫ್ಯಾನ್ ಹಾಕಿ ಬದುಕುವ ಮನೆಗೆ ಮರುಭೂಮಿಯ ದಪ್ಪವನ್ನು ಮಾರಲು ಬರುವವರ ಮಾತಿಗೆ ಮರುಳಾಗಬೇಕಿಲ್ಲ.

ಆ ಒಂದು ಅಂಗುಲವಾದರೂ ಸ್ಲ್ಯಾಬಿನ ಮೇಲೆ ಬರಬೇಕು, ಕೆಳಗಲ್ಲ. ಕೆಳಗೆ ಹೊಡೆದರೆ ಸ್ಲ್ಯಾಬು ಕಾಯುವುದು, ಹಿಗ್ಗುವುದು, ಬಿರುಕು ಬಿಡುವುದು ಎಲ್ಲ ಹಾಗೆಯೇ ಮುಂದುವರಿಯುತ್ತದೆ, ಸೋರಿಕೆಯ ಕಲೆ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಮೇಲೆ ಹೊಡೆದ ಫೋಮನ್ನು ಬಿಸಿಲಿಗೆ ಬಿಟ್ಟರೆ ಅದು ಕಂದುಬಣ್ಣಕ್ಕೆ ತಿರುಗಿ ಪುಡಿಪುಡಿಯಾಗುತ್ತದೆ. ಸಿಲಿಕೋನ್ ಅಥವಾ ಅಕ್ರಿಲಿಕ್ ಲೇಪನ ಬೇಕು, ಕೆಲವು ವರ್ಷಗಳಿಗೊಮ್ಮೆ ಅದನ್ನು ಹೊಸದಾಗಿ ಬಳಿಯಬೇಕು. ಅಡಿಕೆ ಹರವಿ ಓಡಾಡುವ ತಾರಸಿಗೆ ಇದು ತಡೆಯುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ನಿಮ್ಮ ಕೋಣೆಗಳಿಗೆ ಮೊದಲ ಖರ್ಚು ಸ್ಲ್ಯಾಬಿನ ಮೇಲೆ ಟ್ರಸ್ (ಕಬ್ಬಿಣದ ಚೌಕಟ್ಟು) ನಿಲ್ಲಿಸಿ ಶೀಟ್ ಹೊದಿಸುವುದಕ್ಕೇ ಆಗಬೇಕು. ಸೋರುವ ತಾರಸಿಗೆ ಮದ್ದೆಂದು ಮಲೆನಾಡಿನಲ್ಲಿ ಮನೆಮನೆಗೂ ಬಂದಿರುವ ಈ ಮಾಡು, ಸುತ್ತಲೂ ತೆರೆದಿದ್ದು ಗಾಳಿಯಾಡುತ್ತಿದ್ದರೆ ಸ್ಲ್ಯಾಬಿಗೆ ಬಿಸಿಲೇ ತಾಗದಂತೆ ಮಾಡುತ್ತದೆ. ಸುಣ್ಣ ಅಥವಾ ಬಿಳಿಯ ಕೂಲ್ ರೂಫ್ ಬಣ್ಣ ಅಗ್ಗದ ಉಪಾಯವೇ, ಆದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಪಾಚಿ ಹಿಡಿದು ಕಪ್ಪಾಗುವುದರಿಂದ ಪ್ರತಿ ವರ್ಷ ಉಜ್ಜಿ ತೊಳೆಯುವ ಶ್ರಮ ತಪ್ಪದು.

ಫೋಮ್ ನಿಜಕ್ಕೂ ಸಲ್ಲುವ ಜಾಗ, ಶೀಟಿನ ಅಡಿಯಲ್ಲೇ ಜನ ವಾಸಿಸುವ ಅಥವಾ ಕೆಲಸ ಮಾಡುವ ಕೋಣೆ: ಪೇಟೆಯ ಅಂಗಡಿ, ಮಹಡಿಯ ಮೇಲಿನ ಶೀಟ್ ಮನೆ. ಅಲ್ಲಿ ಒಂದೆರಡು ಅಂಗುಲ ಕ್ಲೋಸ್ಡ್ ಸೆಲ್ ಹೊಡೆಸಿದರೆ ಝಳವೂ ತಗ್ಗುತ್ತದೆ, ಚಳಿಗಾಲದ ಬೆಳಗಿನ ಜಾವ ತಗಡಿನ ಒಳಮೈಯಿಂದ ಹನಿ ಬೀಳುವುದೂ ನಿಲ್ಲುತ್ತದೆ, ಮಳೆಯ ಸದ್ದೂ ಸ್ವಲ್ಪ ಕಡಿಮೆಯಾಗುತ್ತದೆ. ಹೊಸದಾಗಿ ಕಟ್ಟುವವರಿಗೆ ಎರಡು ತಗಡಿನ ನಡುವೆ ಫೋಮ್ ತುಂಬಿ ಬರುವ ಪಫ್ ಪ್ಯಾನೆಲ್ ಶೀಟೇ ಸುಲಭ.

ಬೆಂಕಿಯ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಬೇಡ. ಬೆಂಕಿ ನಿರೋಧಕ ಬೆರೆಸಿದ ಫೋಮ್ ಕೂಡ ಉರಿಯುತ್ತದೆ, ಉರಿದಾಗ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಸೈನೈಡ್ ಬಿಡುತ್ತದೆ. ಜನವಿರುವ ಕೋಣೆಯಲ್ಲಿ ಅದನ್ನು ಅರ್ಧ ಅಂಗುಲದ ಜಿಪ್ಸಂ ಬೋರ್ಡಿನಿಂದಲೋ ಅದಕ್ಕೆ ಸಮನಾದುದರಿಂದಲೋ ಮುಚ್ಚಲೇಬೇಕು. ಬಚ್ಚಲಿನ ಹಂಡೆ ಒಲೆ, ಅಡಿಕೆ ಬೇಯಿಸುವ ಒಲೆ, ಹೊಗೆ ಕೊಳವೆ ಇವುಗಳ ಹತ್ತಿರ ಫೋಮ್ ಸುಳಿಯಬಾರದು. ಫೋಮ್ ಹೊಡೆದಾದ ಮೇಲೆ ಟ್ರಸ್ಸಿಗೆ ವೆಲ್ಡಿಂಗ್ ಮಾಡಿಸುವುದು ಅಪಾಯಕ್ಕೆ ಆಹ್ವಾನ. ಆ ಕೆಲಸವೆಲ್ಲ ಮೊದಲೇ ಮುಗಿದಿರಲಿ. ಐಸೊಸೈನೇಟ್ ಉಸಿರಿಗೆ ಹೋದರೆ ಆಸ್ತಮಾ ತರಬಲ್ಲದು, ಆದ್ದರಿಂದ ಹೊಡೆಯುವವರು ಹೊರಗಿನ ಗಾಳಿ ಒದಗಿಸುವ ಮುಖಕವಚ ತೊಟ್ಟಿರಬೇಕು. ಮನೆಯವರೂ ಜಾನುವಾರುಗಳೂ ಕನಿಷ್ಠ ಒಂದು ದಿನ ದೂರವಿರಬೇಕು.

ಕೆಲಸಕ್ಕೆ ಜನವರಿಯಿಂದ ಏಪ್ರಿಲ್‌ವರೆಗಿನ ಒಣ ದಿನಗಳೇ ಸರಿ. ಒದ್ದೆಯ ಮೇಲೆ ಬಿದ್ದರೆ ಐಸೊಸೈನೇಟ್ ನೀರಿನೊಡನೆ ಕೂಡಿ ಇಂಗಾಲದ ಡೈಆಕ್ಸೈಡ್ ಹೊಮ್ಮಿಸುತ್ತದೆ, ಫೋಮ್ ಟೊಳ್ಳಾಗಿ ಅಂಟದೆ ಉಳಿಯುತ್ತದೆ. ಒಂದೇ ಸಲಕ್ಕೆ ಎರಡು ಅಂಗುಲಕ್ಕಿಂತ ದಪ್ಪವಾಗಿ ಹೊಡೆಯಲು ಬಿಡಬೇಡಿ. ಗಟ್ಟಿಯಾಗುವಾಗ ಹುಟ್ಟುವ ಕಾವಿಗೆ ಒಳಗೆ ಸೀದುಹೋಗುತ್ತದೆ, ಬೆಂಕಿ ಹೊತ್ತಿಕೊಂಡದ್ದೂ ಉಂಟು. ಪೂರ್ತಿ ಹಣ ಕೊಡುವ ಮುನ್ನ ಮೂರು ನಾಲ್ಕು ಕಡೆ ಚಾಕುವಿನಿಂದ ಸಣ್ಣ ತುಂಡು ಕೊಯ್ಸಿ ದಪ್ಪ ಅಳೆಯಿರಿ, ಒಳಗಿನ ಗುಳ್ಳೆಗಳು ಒಂದೇ ಸಮನಾಗಿವೆಯೇ, ಬೆರಳಿಗೆ ಪುಡಿಯಾಗುತ್ತದೆಯೇ ಅಥವಾ ಜಿಗುಟುತ್ತದೆಯೇ ನೋಡಿ. ವಾರ ಕಳೆದರೂ ಮೀನಿನ ವಾಸನೆ ಹೋಗದಿದ್ದರೆ ದ್ರವಗಳ ಪ್ರಮಾಣ ತಪ್ಪಿದೆ ಎಂದರ್ಥ, ಅಂಥ ಪದರವನ್ನು ಕೆರೆದು ತೆಗೆದು ಹೊಸದಾಗಿ ಹೊಡೆಯುವುದು ಗುತ್ತಿಗೆದಾರರ ಜವಾಬ್ದಾರಿ ಎಂಬುದನ್ನು ಕರಾರಿನಲ್ಲಿ ಮೊದಲೇ ಬರೆಸಿಕೊಳ್ಳಿ.