ಬ್ಯಾಟರಿ ತೆಗೆದ ಲ್ಯಾಪ್‌ಟಾಪ್ ಕರೆಂಟ್ ಇದ್ದರೂ ಏಕೆ ನಿಧಾನವಾಗುತ್ತದೆ?

ಲ್ಯಾಪ್‌ಟಾಪ್‌ನ ಬ್ಯಾಟರಿ ಕರೆಂಟ್ ಹೋದಾಗ ಮಾತ್ರ ಬೇಕಾಗುವ ವಸ್ತು ಎಂಬ ನಂಬಿಕೆ ಬಹಳ ಜನರಲ್ಲಿದೆ. ತುಮಕೂರಿನಲ್ಲಿ ರಿಪೇರಿ ಕೆಲಸ ಮಾಡುವ ನನ್ನ ಬಳಿಗೆ ಈ ನಂಬಿಕೆಯ ಫಲವಾಗಿ ಬರುವ ಯಂತ್ರಗಳಿಗೆ ಲೆಕ್ಕವಿಲ್ಲ. ಯಂತ್ರ ಆನ್ ಆಗುತ್ತದೆ, ಪರದೆ ಚೆನ್ನಾಗಿರುತ್ತದೆ, ಆದರೆ ಒಂದು ಸಾಧಾರಣ ಫೈಲ್ ತೆರೆಯುವುದಕ್ಕೂ ಕಾಯಬೇಕಾಗುತ್ತದೆ. ವಿಂಡೋಸ್ ಹೊಸದಾಗಿ ಹಾಕಿಸಿ, ರ‍್ಯಾಮ್ ಹೆಚ್ಚಿಸಿ, ಎಸ್‌ಎಸ್‌ಡಿಗೂ ದುಡ್ಡು ಸುರಿದ ಮೇಲೆ ಕೊನೆಗೆ ಇಲ್ಲಿಗೆ ತರುತ್ತಾರೆ. ಬ್ಯಾಟರಿ ಎಲ್ಲಿ ಎಂದು ವಿಚಾರಿಸಿದರೆ, “ಹೇಗೂ ಯಾವಾಗಲೂ ಚಾರ್ಜರ್‌ನಲ್ಲೇ ಇರುತ್ತಲ್ಲ ಸಾರ್, ಹಾಳಾಗಬಾರದು ಅಂತ ತೆಗೆದು ಬೀರುವಿನಲ್ಲಿ ಇಟ್ಟಿದ್ದೀನಿ” ಎಂಬ ಉತ್ತರ ಬರುತ್ತದೆ. ನಿಧಾನಕ್ಕೆ ಕಾರಣವೂ ಅನೇಕ ಸಲ ಆ ಬೀರುವಿನಲ್ಲೇ ಇರುತ್ತದೆ.

ಚಾರ್ಜರ್ ಎಂದು ನಾವು ಕರೆಯುವ ಅಡಾಪ್ಟರ್‌ಗೆ ಒಂದು ಮಿತಿಯಿದೆ. ಕಚೇರಿ ಮತ್ತು ಓದಿನ ಬಳಕೆಯ ಲ್ಯಾಪ್‌ಟಾಪ್‌ಗಳಿಗೆ ಸಾಮಾನ್ಯವಾಗಿ 45 ಅಥವಾ 65 ವ್ಯಾಟ್‌ನ ಅಡಾಪ್ಟರ್ ಬರುತ್ತದೆ; 65 ವ್ಯಾಟ್ ಎಂದರೆ 19.5 ವೋಲ್ಟ್‌ನಲ್ಲಿ ಸುಮಾರು 3.34 ಆಂಪಿಯರ್. ಪ್ರೊಸೆಸರ್‌ನ ಬೇಡಿಕೆಯಾದರೋ ಒಂದೇ ಸಮನಾಗಿರುವುದಿಲ್ಲ. 15 ವ್ಯಾಟ್‌ನದು ಎಂದು ಗುರುತಿಸಲಾದ ಪ್ರೊಸೆಸರ್ ಕೂಡ ಟರ್ಬೊ ಎಂಬ ತಾತ್ಕಾಲಿಕ ಹೆಚ್ಚಿನ ವೇಗಕ್ಕೆ ಏರಿದ ಕೆಲವು ಸೆಕೆಂಡುಗಳ ಕಾಲ 40–50 ವ್ಯಾಟ್ ಎಳೆಯಬಲ್ಲದು. ಅದರ ಜೊತೆಗೆ ಪರದೆ, ಫ್ಯಾನ್, ಎಸ್‌ಎಸ್‌ಡಿ, ವೈಫೈ, ಯುಎಸ್‌ಬಿಗೆ ಜೋಡಿಸಿದ ಸಾಧನಗಳು ಮತ್ತು ವೋಲ್ಟೇಜ್ ಇಳಿಸುವ ಸರ್ಕ್ಯೂಟ್‌ಗಳಲ್ಲಿ ಶಾಖವಾಗಿ ಕಳೆದುಹೋಗುವ ಪಾಲು, ಇವೆಲ್ಲ ಸೇರಿದಾಗ ಒಟ್ಟು ಬೇಡಿಕೆ ಅಡಾಪ್ಟರ್‌ನ ಮಿತಿಯನ್ನು ಮುಟ್ಟುತ್ತದೆ, ಒಮ್ಮೊಮ್ಮೆ ದಾಟುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇರುವ ಗೇಮಿಂಗ್ ಯಂತ್ರಗಳಲ್ಲಿ 180 ಅಥವಾ 230 ವ್ಯಾಟ್‌ನ ಅಡಾಪ್ಟರ್ ಇದ್ದರೂ ಇದೇ ಕಥೆ.

ಹೀಗೆ ಕೊರತೆ ಬೀಳುವ ಕ್ಷಣಗಳಲ್ಲಿ ನೆರವಿಗೆ ಬರುವುದು ಬ್ಯಾಟರಿ. ಮದರ್‌ಬೋರ್ಡ್‌ನಲ್ಲಿರುವ ಚಾರ್ಜಿಂಗ್ ಐಸಿ ಎಂಬ ಚಿಪ್ ಅಡಾಪ್ಟರ್‌ನಿಂದ ಬರುವ ಕರೆಂಟನ್ನು ಸದಾ ಅಳೆಯುತ್ತಿರುತ್ತದೆ. ಮಿತಿ ಹತ್ತಿರವಾದರೆ ಮೊದಲು ಬ್ಯಾಟರಿಗೆ ಹೋಗುವ ಪಾಲನ್ನು ತಗ್ಗಿಸುತ್ತದೆ. ಅದೂ ಸಾಲದಾದಾಗ, ಈ ಏರ್ಪಾಡು ಇರುವ ಯಂತ್ರಗಳಲ್ಲಿ, ಬ್ಯಾಟರಿಯಿಂದಲೇ ಒಂದಿಷ್ಟು ಶಕ್ತಿಯನ್ನು ಎಳೆದು ಅಡಾಪ್ಟರ್‌ನ ಶಕ್ತಿಯ ಜೊತೆ ಸೇರಿಸುತ್ತದೆ. ಬೀದಿ ನಲ್ಲಿಯಿಂದ ಬರುವ ನೀರು ಸಣ್ಣಗಿದ್ದರೂ ಮಹಡಿಯ ಮೇಲೊಂದು ಟ್ಯಾಂಕ್ ಇದ್ದರೆ ಮನೆಯ ನಲ್ಲಿಗಳನ್ನೆಲ್ಲ ಒಟ್ಟಿಗೆ ತಿರುಗಿಸಬಹುದಲ್ಲವೇ, ಇದೂ ಹಾಗೆಯೇ.

ಬ್ಯಾಟರಿ ತೆಗೆದರೆ ಈ ಆಸರೆ ಇಲ್ಲವಾಗುತ್ತದೆ. ಆಗ ಬೇಡಿಕೆ ದಿಢೀರನೆ ಏರಿದರೆ ವೋಲ್ಟೇಜ್ ಕುಸಿಯಬಹುದು, ಇಲ್ಲವೇ ಅಡಾಪ್ಟರ್ ತನ್ನನ್ನು ಕಾಪಾಡಿಕೊಳ್ಳಲು ಪೂರೈಕೆಯನ್ನೇ ಕಡಿದುಹಾಕಬಹುದು. ಎರಡರಲ್ಲಿ ಯಾವುದು ನಡೆದರೂ ಯಂತ್ರ ತಟ್ಟನೆ ಆರಿಹೋಗುತ್ತದೆ. ಇದನ್ನು ತಪ್ಪಿಸಲು ತಯಾರಕರು, ಯಂತ್ರ ಆನ್ ಆಗುವಾಗ ಮೊದಲು ಓಡುವ ತಂತ್ರಾಂಶವಾದ ಬಯೋಸ್‌ನಲ್ಲಿ ಮತ್ತು ಬೋರ್ಡ್‌ನ ಎಂಬೆಡೆಡ್ ಕಂಟ್ರೋಲರ್ ಎಂಬ ಪುಟ್ಟ ಚಿಪ್‌ನಲ್ಲಿ ಮುಂಚಿತವಾಗಿಯೇ ಒಂದು ಕಟ್ಟಳೆ ಬರೆದಿಟ್ಟಿರುತ್ತಾರೆ: ಬ್ಯಾಟರಿ ಇಲ್ಲವೆಂದು ಕಂಡುಬಂದರೆ ಪ್ರೊಸೆಸರ್ ವೇಗ ಏರಲು ಬಿಡಬೇಡ. ಆದ್ದರಿಂದ ಈ ನಿಧಾನ ಉದ್ದೇಶಪೂರ್ವಕವಾದದ್ದು, ಅದನ್ನು ದೋಷವೆಂದು ಭಾವಿಸಬಾರದು. ಬ್ಯಾಟರಿಯನ್ನು ಕೈಯಿಂದ ತೆಗೆಯಬಹುದಾಗಿದ್ದ ಕಾಲದ ಮ್ಯಾಕ್‌ಬುಕ್‌ಗಳಲ್ಲಿ ಬ್ಯಾಟರಿ ತೆಗೆದರೆ ಪ್ರೊಸೆಸರ್ ವೇಗ ತಾನಾಗಿ ಇಳಿಯುತ್ತದೆ ಎಂದು ಆಪಲ್ ಸಂಸ್ಥೆಯೇ ಬಳಕೆದಾರರಿಗೆ ತಿಳಿಸಿತ್ತು. ಎಲ್ಲ ಲ್ಯಾಪ್‌ಟಾಪ್‌ಗಳೂ ಹೀಗೆ ನಡೆದುಕೊಳ್ಳುವುದಿಲ್ಲ ಎಂಬುದನ್ನೂ ಹೇಳಬೇಕು. ಅಡಾಪ್ಟರ್ ಬೇಡಿಕೆಗಿಂತ ಸಾಕಷ್ಟು ದೊಡ್ಡದಾಗಿದ್ದರೆ ವ್ಯತ್ಯಾಸವೇ ಕಾಣದಿರಬಹುದು. ಕೆಲವು ಯಂತ್ರಗಳು ಗ್ರಾಫಿಕ್ಸ್ ಚಿಪ್ಪನ್ನು ಮಾತ್ರ ಕಟ್ಟಿಹಾಕುತ್ತವೆ.

ನಿಮ್ಮ ಯಂತ್ರದ ಸ್ಥಿತಿಯನ್ನು ತಿಳಿಯಲು ಯಾರ ಬಳಿಗೂ ಹೋಗಬೇಕಾಗಿಲ್ಲ. ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ವೇಗವನ್ನು ನೋಡುತ್ತಾ ಭಾರವಾದ ಯಾವುದಾದರೂ ಕೆಲಸ ಕೊಡಿ. ವೇಗ 2–3 ಗಿಗಾಹರ್ಟ್ಸ್ ದಾಟಿ ಏರಿಳಿಯುತ್ತಿದ್ದರೆ ಕಾರಣ ಬೇರೆಲ್ಲೋ ಇದೆ. ಎಷ್ಟೇ ಕೆಲಸ ಕೊಟ್ಟರೂ 0.8 ಅಥವಾ 0.4 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ನಿಂತಿದ್ದರೆ ಯಾವುದೋ ಸೂಚನೆ ಪ್ರೊಸೆಸರ್ ಅನ್ನು ಹಿಡಿದು ನಿಲ್ಲಿಸಿದೆ ಎಂದರ್ಥ. ಈ ಪರೀಕ್ಷೆ ಮಾಡದೆ ರ‍್ಯಾಮ್ ಕೊಳ್ಳಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಬ್ಯಾಟರಿ ತನ್ನ ಜಾಗದಲ್ಲೇ ಇದ್ದರೂ ಇದೇ ಲಕ್ಷಣ ಕಾಣಿಸಬಹುದು. ಸೆಲ್‌ಗಳು ಪೂರ್ತಿ ಸತ್ತುಹೋಗಿದ್ದರೆ ಯಂತ್ರದ ಪಾಲಿಗೆ ಅದು ಇದ್ದೂ ಇಲ್ಲದಂತೆ. ಇನ್ನೊಂದು ಕಾರಣ ಅಡಾಪ್ಟರ್: ಡೆಲ್ ಮೊದಲಾದ ಯಂತ್ರಗಳು ಪಿನ್‌ನ ನಡುವಿನ ತೆಳು ತಂತಿಯ ಮೂಲಕ ಅಡಾಪ್ಟರ್‌ನ ಗುರುತನ್ನು ಓದುತ್ತವೆ, ಅಗ್ಗದ ನಕಲಿ ಅಡಾಪ್ಟರ್ ಹಾಕಿದರೆ ಅಥವಾ ಆ ಪಿನ್ ಬಾಗಿ ಮುರಿದಿದ್ದರೆ ಅದು ಎಷ್ಟು ವ್ಯಾಟ್‌ನದು ಎಂಬುದು ಯಂತ್ರಕ್ಕೆ ತಿಳಿಯದೆ, ಚಾರ್ಜ್ ಆಗುವುದೂ ನಿಲ್ಲುತ್ತದೆ, ವೇಗವೂ ಇಳಿಯುತ್ತದೆ.

ಬ್ಯಾಟರಿ ಉಳಿಸಬೇಕೆಂಬ ಕಾಳಜಿ ಮಾತ್ರ ಸರಿಯಾದದ್ದೇ. ಲಿಥಿಯಂ ಅಯಾನ್ ಸೆಲ್‌ಗಳು ಸದಾ 100 ಪ್ರತಿಶತ ಚಾರ್ಜ್‌ನಲ್ಲಿ, ಅದರಲ್ಲೂ ಬಿಸಿಯಲ್ಲಿ ಕುಳಿತರೆ ಬೇಗ ಸವೆಯುತ್ತವೆ. ಪಾವಗಡದ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಮಾಡಿನ ಕೆಳಗಿನ ಮೇಜಿನ ಮೇಲೆ ದಿನವಿಡೀ ಚಾರ್ಜ್ ಆಗುತ್ತಿರುವ ಯಂತ್ರದ ಬ್ಯಾಟರಿಗೆ ಆಯಸ್ಸು ಕಡಿಮೆಯೇ. ಆದರೆ ಅದಕ್ಕೆ ಮದ್ದು ಯಂತ್ರದ ಒಳಗೇ ಇದೆ. ಲೆನೊವೊದಲ್ಲಿ ಕನ್ಸರ್ವೇಶನ್ ಮೋಡ್, ಏಸಸ್‌ನಲ್ಲಿ ಬ್ಯಾಟರಿ ಹೆಲ್ತ್ ಚಾರ್ಜಿಂಗ್, ಡೆಲ್‌ನಲ್ಲಿ ಪ್ರೈಮರಿಲಿ ಎಸಿ ಯೂಸ್ ಎಂಬ ಆಯ್ಕೆಗಳಿವೆ. ಎಚ್‌ಪಿಯ ಅನೇಕ ಮಾದರಿಗಳಲ್ಲಿ ಇದು ಬಯೋಸ್‌ನಲ್ಲೇ ಸಿಗುತ್ತದೆ. ಇವು ಬ್ಯಾಟರಿ ಪೂರ್ತಿ ತುಂಬುವ ಮೊದಲೇ, ಹಲವು ಯಂತ್ರಗಳಲ್ಲಿ 60 ಅಥವಾ 80 ಪ್ರತಿಶತದಲ್ಲಿ, ಚಾರ್ಜ್ ನಿಲ್ಲಿಸುತ್ತವೆ. ವೇಗಕ್ಕೂ ಧಕ್ಕೆಯಿಲ್ಲ, ಸೆಲ್‌ಗಳಿಗೂ ಹಿತ.

ನಮ್ಮ ಜಿಲ್ಲೆಯಲ್ಲಿ ಬ್ಯಾಟರಿ ತೆಗೆಯದಿರಲು ಇನ್ನೂ ಒಂದು ಕಾರಣವಿದೆ. ಹಳ್ಳಿಗಳಲ್ಲಿ ಪಂಪ್‌ಸೆಟ್‌ಗಳಿಗೆ ತ್ರೀಫೇಸ್ ಕೊಟ್ಟು ಬದಲಿಸುವ ವೇಳೆಗೆ ಕರೆಂಟ್ ಕಣ್ಣು ಮಿಟುಕಿಸಿದಷ್ಟು ಹೊತ್ತು ಹೋಗಿ ಬರುವುದುಂಟು. ವೋಲ್ಟೇಜ್ ಇಳಿಕೆಯನ್ನು ಅಡಾಪ್ಟರ್ ತಾಳಿಕೊಳ್ಳುತ್ತದೆ, ಏಕೆಂದರೆ ಅದು 100ರಿಂದ 240 ವೋಲ್ಟ್‌ವರೆಗೆ ಕೆಲಸ ಮಾಡುವಂಥದ್ದು; ಕಡಿತವನ್ನು ಮಾತ್ರ ಕ್ಷಣಾರ್ಧಕ್ಕಿಂತ ಹೆಚ್ಚು ತಾಳಲಾರದು. ತಿಪಟೂರಿನ ಮಂಡಿಯಲ್ಲಿ ಕೊಬ್ಬರಿಯ ಲೆಕ್ಕ ಬರೆಯುತ್ತಿರುವವರ ಯಂತ್ರ ಸೇವ್ ಆಗುವ ನಡುವೆಯೇ ಆರಿದರೆ ಆ ದಿನದ ಕಡತವೇ ಕೆಡಬಹುದು. ಇನ್ವರ್ಟರ್ ಇದೆಯಲ್ಲ ಎನ್ನುವವರು ಅದರ ಹಿಂಬದಿಯ ಸ್ವಿಚ್ಚನ್ನು ಒಮ್ಮೆ ನೋಡಬೇಕು: ಅದು ಯುಪಿಎಸ್ ಮೋಡ್‌ನಲ್ಲಿ ಇಲ್ಲದಿದ್ದರೆ ಇನ್ವರ್ಟರ್‌ಗೆ ಬದಲಾಗುವ ಆ ಅಂತರದಲ್ಲೇ ಬ್ಯಾಟರಿಯಿಲ್ಲದ ಲ್ಯಾಪ್‌ಟಾಪ್ ರೀಸ್ಟಾರ್ಟ್ ಆಗಬಹುದು. ಬಯೋಸ್ ಅಪ್‌ಡೇಟ್ ಆಗುತ್ತಿರುವಾಗ ಹೀಗಾದರೆ ಬೋರ್ಡೇ ಕೈಕೊಡುವ ಅಪಾಯವಿದೆ. ಬ್ಯಾಟರಿ ಇಲ್ಲದೆ ಅನೇಕ ಯಂತ್ರಗಳು ಬಯೋಸ್ ಅಪ್‌ಡೇಟ್‌ಗೆ ಒಪ್ಪದಿರುವುದು ಇದೇ ಕಾರಣಕ್ಕೆ.

ತೆಗೆಯಲೇಬೇಕಾದ ಸಂದರ್ಭವೊಂದಿದೆ: ಬ್ಯಾಟರಿ ಊದಿಕೊಂಡಾಗ. ಟಚ್‌ಪ್ಯಾಡ್ ಮೇಲೆದ್ದರೆ, ಕೀಬೋರ್ಡ್ ಉಬ್ಬಿದರೆ, ಕೆಳಭಾಗ ಮೇಜಿನ ಮೇಲೆ ಸಮನಾಗಿ ಕೂರದೆ ಅಲ್ಲಾಡಿದರೆ ತಕ್ಷಣ ಯಂತ್ರ ಆರಿಸಿ, ಅಡಾಪ್ಟರ್ ಬಿಡಿಸಿ. ಒಳಗೆ ಅಂಟಿಸಿದ ಬ್ಯಾಟರಿಯಾದರೆ ಸ್ಕ್ರೂಡ್ರೈವರ್‌ನಿಂದ ಮೀಟುವ ಸಾಹಸ ಬೇಡ, ಸೆಲ್ ತೂತಾದರೆ ಬೆಂಕಿ ಹತ್ತಬಹುದು. ಊದಿದ್ದನ್ನು ತೆಗೆಸಿದ ಮೇಲೆ, ಹೊಸ ಬ್ಯಾಟರಿ ಬರುವವರೆಗೆ ಬರಿಯ ಅಡಾಪ್ಟರ್‌ನಲ್ಲಿ ಕೆಲಸ ನಡೆಸಬಹುದು. ವೇಗ ಕಡಿಮೆಯಿರುತ್ತದೆ ಎಂಬುದನ್ನು ತಿಳಿದು, ಆಗಾಗ ಸೇವ್ ಮಾಡುತ್ತಿದ್ದರೆ ಸಾಕು. ಊದಿದ ಬ್ಯಾಟರಿಯನ್ನು ಮನೆಯ ಕಸದ ಜೊತೆ ಹಾಕಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಒದಗಿಸುವ ಹೊಣೆ ತಯಾರಕರದ್ದು. ಆದುದರಿಂದ ಹೊಸದನ್ನು ಕೊಳ್ಳುವ ಕಡೆಯಲ್ಲೇ ಹಳೆಯದನ್ನು ಹಿಂದಿರುಗಿಸಲು ಕೇಳಿ, ಅಲ್ಲಿಯವರೆಗೆ ಅದರ ಕನೆಕ್ಟರ್‌ಗೆ ಇನ್ಸುಲೇಶನ್ ಟೇಪ್ ಸುತ್ತಿ, ಹತ್ತಿಕೊಳ್ಳುವ ವಸ್ತುಗಳಿಂದ ದೂರ, ನೆರಳಿನ ಜಾಗದಲ್ಲಿಡಿ.