ಟೈಟಾನಿಕ್ ಕೋಷ್ಟಕದ ಎಂಟು ಮನೆಗಳು

1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಮುಳುಗಿತು. ಬ್ರಿಟನ್ನಿನ ವಿಚಾರಣಾ ವರದಿಯ ಲೆಕ್ಕದಂತೆ ಹಡಗಿನಲ್ಲಿದ್ದವರು 2201, ಬದುಕಿದವರು 711. ಮೊದಲ ದರ್ಜೆಯ 325 ಜನರಲ್ಲಿ 203, ಎರಡನೆಯದರ 285ರಲ್ಲಿ 118, ಮೂರನೆಯದರ 706ರಲ್ಲಿ 178, ಸಿಬ್ಬಂದಿಯ 885ರಲ್ಲಿ 212 ಮಂದಿ ಉಳಿದರು.

ಇದನ್ನು ಕೋಷ್ಟಕವಾಗಿ ಬರೆಯಿರಿ: ಗುಂಪುಗಳಿಗೆ ನಾಲ್ಕು ಅಡ್ಡಸಾಲು, ಉಳಿದವರು–ಅಳಿದವರಿಗೆ ಎರಡು ಕಂಬಸಾಲು. ಒಟ್ಟು ಎಂಟು ಮನೆ. ಒಂದೊಂದು ಮನೆಯ ಸಂಖ್ಯೆಯನ್ನೂ 2201ರಿಂದ ಭಾಗಿಸಿ. ಸಿಗುವುದೇ ಜಂಟಿ ಸಂಭವನೀಯತೆಯ ಹಂಚಿಕೆ, ಅಂದರೆ ಎರಡು ಸಂಗತಿಗಳು (ಇಲ್ಲಿ ಗುಂಪು ಮತ್ತು ಉಳಿವು) ಒಟ್ಟಿಗೆ ಕೂಡಿಬರುವ ಸಾಧ್ಯತೆಗಳ ಪಟ್ಟಿ. ಯಾವ ಮನೆಯಲ್ಲೂ ಸೊನ್ನೆಗಿಂತ ಕಡಿಮೆ ಇರಬಾರದು, ಎಲ್ಲ ಕೂಡಿದರೆ 1 ಬರಬೇಕು. ನಿಯಮ ಅಷ್ಟೇ. ಸಾಲುಗಳನ್ನು ಕೂಡಿಸಿ ಅಂಚಿನಲ್ಲಿ ಬರೆದರೆ ಅಂಚಿನ ಹಂಚಿಕೆ: ಬದುಕಿದವರು ಶೇ. 32.3, ಮೊದಲ ದರ್ಜೆಯವರು ಶೇ. 14.8.

ಮನೆಗಳಿಂದ ಅಂಚಿಗೆ ಹೋಗಬಹುದು. ಬರೀ ಅಂಚು ಹಿಡಿದುಕೊಂಡು ಮನೆಗಳಿಗೆ ಮರಳಲಾಗದು. ದರ್ಜೆಗೂ ಜೀವ ಉಳಿದದ್ದಕ್ಕೂ ಸಂಬಂಧವೇ ಇಲ್ಲದಿದ್ದರೆ, ಅಂದರೆ ಎರಡೂ ಸ್ವತಂತ್ರವಾಗಿದ್ದರೆ, ಅಂಚುಗಳನ್ನು ಗುಣಿಸಿದರೆ ಸಾಕಿತ್ತು: ಮೊದಲ ದರ್ಜೆಯವರಾಗಿದ್ದು ಬದುಕಿದವರು ಶೇ. 4.8 ಆಗುತ್ತಿತ್ತು. ಮನೆಯಲ್ಲಿರುವುದು ಶೇ. 9.2, ಹೆಚ್ಚುಕಡಿಮೆ ಎರಡು ಪಟ್ಟು.

ಷರತ್ತುಬದ್ಧ ಸಂಭವನೀಯತೆಯಲ್ಲಿ, ಅಂದರೆ ಒಂದು ಗುಂಪಿನೊಳಗೆ ಮಾತ್ರ ನೋಡಿದಾಗ ಸಿಗುವ ಸಾಧ್ಯತೆಯಲ್ಲಿ, ಯಾವುದರಿಂದ ಭಾಗಿಸುತ್ತೀರಿ ಎಂಬುದೇ ಮುಖ್ಯ. ಸಿಬ್ಬಂದಿಯ 212ನ್ನು ಬದುಕಿದ 711ರಿಂದ ಭಾಗಿಸಿದರೆ ಶೇ. 29.8, ಉಳಿದವರಲ್ಲಿ ಅತಿ ದೊಡ್ಡ ಪಾಲು ಅವರದೇ. ಅದೇ 212ನ್ನು 885ರಿಂದ ಭಾಗಿಸಿದರೆ ಶೇ. 24, ನಾಲ್ಕೂ ಗುಂಪುಗಳಲ್ಲಿ ಕಡೆಯ ಸ್ಥಾನ. ಎರಡೂ ನಿಜ. (ಪತ್ರಿಕೆಯ ತಲೆಬರಹಕ್ಕೆ ಯಾವುದನ್ನು ಆರಿಸುತ್ತಾರೆ ಎಂಬುದು ಬೇರೆ ಮಾತು.)

ಇಲ್ಲಿಗೇ ನಿಲ್ಲಿಸಿದರೆ ಮೂರನೇ ದರ್ಜೆಯವರಿಗಿಂತ (ಶೇ. 25.2) ಸಿಬ್ಬಂದಿಯ ಪಾಡು ತುಸು ಕೆಟ್ಟದಾಗಿತ್ತು ಅನ್ನಿಸುತ್ತದೆ. ಕೋಷ್ಟಕಕ್ಕೆ ಹೆಣ್ಣು–ಗಂಡು (ಮಕ್ಕಳೂ ಸೇರಿ) ಎಂಬ ಮೂರನೇ ಆಯಾಮ ಸೇರಿಸಿ ನೋಡಿ. ಗಂಡಸರಲ್ಲಿ ಬದುಕಿದವರು ಸಿಬ್ಬಂದಿಯಲ್ಲಿ ಶೇ. 22.3, ಮೂರನೇ ದರ್ಜೆಯಲ್ಲಿ ಶೇ. 17.3. ಹೆಂಗಸರಲ್ಲಿ ಶೇ. 87 ಮತ್ತು ಶೇ. 45.9. ಎರಡು ಕಡೆಯೂ ಸಿಬ್ಬಂದಿಯೇ ಮುಂದೆ! ಕೂಡಿಸಿದಾಗ ಮಾತ್ರ ಹಿಂದೆ. ಹೆಂಗಸರು ಬದುಕುಳಿದದ್ದು ಹೆಚ್ಚು. ಆದರೆ ಸಿಬ್ಬಂದಿಯ 885ರಲ್ಲಿ ಹೆಂಗಸರು 23 ಮಾತ್ರ, ಮೂರನೇ ದರ್ಜೆಯಲ್ಲಿ 196. ಅಂಚಿಗೆ ಕೂಡಿಸುವಾಗ ಮೂರನೇ ದರ್ಜೆಯ ಸರಾಸರಿಯನ್ನು ಮೇಲೆತ್ತಿದ್ದು ಈ 196 ಮಂದಿ.